ತ್ಸಾರ್ ದೊರೆಗೆ ನಾನು ಅರ್ಥ ಹೇಳಿದ್ದು

ರಷ್ಯಾ ದೇಶದ ಬಗ್ಗೆ ಅಧಿಕಾರಯುತವಾಗಿ ಮಾತನಾಡಬಲ್ಲವರು ಕೊಪ್ಪ ಪೇಟೆಯಲ್ಲಿ ಯಾರಿದ್ದಾರೆ ಎಂದು ಯಾರಾದರೂ ಕೇಳಿದ್ದರೆ, ನಾನು ಸಂಕೋಚವಿಲ್ಲದೆ ಕೈ ಎತ್ತುತ್ತಿದ್ದೆ. ಯಾರೂ ಕೇಳಲಿಲ್ಲ ಎಂಬುದು ಬೇರೆ ವಿಷಯ. ನನ್ನ ಅರ್ಹತೆಯನ್ನು ಮೊದಲೇ ನಿವೇದಿಸಿಬಿಡುತ್ತೇನೆ. ನಾನು ಪ್ರೌಢಶಾಲೆಯಲ್ಲಿದ್ದಾಗ ಆ ದೇಶದಿಂದ ನುಣುಪು ಕಾಗದದ ಸಚಿತ್ರ ಪತ್ರಿಕೆಯೊಂದು ಬರುತ್ತಿತ್ತು. ನನ್ನ ಪಠ್ಯಪುಸ್ತಕಗಳಿಗೆಲ್ಲ ಅದರ ಹಾಳೆಗಳದ್ದೇ ಹೊದಿಕೆ. ಗಣಿತದ ಮೇಲೆ ಟ್ರ್ಯಾಕ್ಟರು, ವ್ಯಾಕರಣದ ಮೇಲೆ ಗೋಧಿಯ ಹೊಲ, ಸಮಾಜಶಾಸ್ತ್ರದ ಮೇಲೆ ಕಾಲಿನ ಹೆಬ್ಬೆರಳ ತುದಿಯಲ್ಲಿ ನಿಂತ ನರ್ತಕಿ. ಒಂದು ವರ್ಷವಿಡೀ ದಿನವೂ ಅವಳನ್ನು ನೋಡಿದವನಿಗೆ ಬ್ಯಾಲೆ ನೃತ್ಯ ಗೊತ್ತಿಲ್ಲವೆಂದರೆ ಇನ್ನಾರಿಗೆ ಗೊತ್ತಿರಬೇಕು!

ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗಿತ್ತು. ಸಿನಿಮಾಗಳು ಎರಡೆರಡು ಸಿ.ಡಿ.ಗಳಲ್ಲಿ ಬರುತ್ತಿದ್ದ ಕಾಲ. ನಮ್ಮ ಕಲಾಸಂಘದ ಕಾರ್ಯದರ್ಶಿ ಉಮೇಶ ಒಂದು ಬೆಳಿಗ್ಗೆ ಪೆಟ್ಟಿಗೆಯೊಂದನ್ನು ಹಿಡಿದು ನಮ್ಮ ಮನೆಗೆ ಬಂದ. ಇವನದು ಫೋಟೋ ಸ್ಟುಡಿಯೋ. ಮದುವೆಗಳ ವಿಡಿಯೋ ತೆಗೆದು, ಆ ಸಂಪಾದನೆಯಲ್ಲಿ ಒಂದು ಪ್ರೊಜೆಕ್ಟರನ್ನೂ ಕೊಂಡಿದ್ದ.

"ಶಿರಸ್ತೇದಾರ್ರೆ, ಶಿವಮೊಗ್ಗದಲ್ಲಿ ಹಳೇ ಪುಸ್ತಕದ ಅಂಗಡೀಲಿ ಸಿಕ್ತು. ರಷ್ಯಾದ ಇವಾನ್ ಅಂತ ಒಬ್ಬ ರಾಜನ ಕಥೆಯಂತೆ. ತಿಂಗಳ ಕಾರ್ಯಕ್ರಮಕ್ಕೆ ಇದನ್ನೇ ತೋರಿಸೋಣ ಅಂತ. ಆದ್ರೆ ಶುರುವಿಂದ ಕೊನೇತನಕ ಬರೀ ಕುಣಿತ ಮಾರಾಯ್ರೆ. ಒಬ್ನೂ ಬಾಯಿ ಬಿಡಲ್ಲ. ಜನ ಕೂರ್ತಾರಾ ಅಂತ ಹೆದರಿಕೆ."

ನಾನು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಸಮಸ್ಯೆ ಎದುರಿಗೆ ಬಂದ ಕೂಡಲೇ ಪರಿಹಾರ ನನ್ನ ಬಾಯಲ್ಲಿರುತ್ತದೆ.

"ಅವರು ಕುಣಿಯಲಿ. ಮಾತನ್ನು ನಾನು ಆಡುತ್ತೇನೆ."

ಇಲ್ಲಿ ಸ್ವಲ್ಪ ವಿವರಣೆ ಅವಶ್ಯ. ನಮ್ಮ ಕಡೆ ತಾಳಮದ್ದಳೆಯ ಹುಚ್ಚು ಬಹಳ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ರಾಜನಾಗಿ, ಮಂತ್ರಿಯಾಗಿ ವಾದಕ್ಕೆ ವಾದ ಹೂಡುತ್ತಾರೆ. ಬ್ಯಾಲೆಯಲ್ಲಿ ಬರಿಯ ಕುಣಿತ, ತಾಳಮದ್ದಳೆಯಲ್ಲಿ ಬರಿಯ ಮಾತು. ಎರಡನ್ನೂ ಕೂಡಿಸಿದರೆ ಪರಿಪೂರ್ಣ ಕಲೆ! ಇಷ್ಟು ಸರಳವಾದ ವಿಚಾರ ರಷ್ಯಾದವರಿಗೆ ಹೊಳೆಯದೆ ಹೋದದ್ದು ಅವರ ದುರದೃಷ್ಟ.

ಆದರೆ ನನ್ನ ಉತ್ಸಾಹಕ್ಕೆ ಕಲಾಸೇವೆಯೊಂದೇ ಕಾರಣವಾಗಿರಲಿಲ್ಲ. ಪ್ರತಿ ನವರಾತ್ರಿಯಲ್ಲೂ ಸಂಘದ ತಾಳಮದ್ದಳೆಯಲ್ಲಿ ನನಗೆ ಕೊಡುತ್ತಿದ್ದದ್ದು ದೂತನ ಪಾತ್ರ. ದೂತನಿಗೆ ಇರುವುದು ಎರಡು ವಾಕ್ಯ. ಹರಿಹರಪುರದ ಸೀತಾರಾಮಯ್ಯನವರಿಗೆ ಮಾತ್ರ ಸದಾ ರಾಜನ ಪಾತ್ರ. ಒಮ್ಮೆ ಹರಿಹರಪುರದಲ್ಲೇ ನಡೆದ ಕೂಟದಲ್ಲಿ, ದೂತನಾದ ನಾನು ಮೊದಲನೆಯ ವಾಕ್ಯವನ್ನು ಮುಗಿಸಿ ಎರಡನೆಯದಕ್ಕೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಈ ಮಹಾಶಯರು ಎರಡು ಬೆರಳನ್ನು ಗಾಳಿಯಲ್ಲಿ ಚಿಮ್ಮಿ, "ಸರಿ, ಹೋಗು" ಎಂದುಬಿಟ್ಟರು! ಅಂದು ಅವರು ಹಸಿರು ಬಣ್ಣದ ಜರಿಶಾಲು ಹೊದ್ದಿದ್ದರು. ಎಡಗೆನ್ನೆಯಲ್ಲಿ ಎಲೆಅಡಿಕೆಯ ಕವಳವಿತ್ತು. ಸಭೆಯಲ್ಲಿ ಮೂರನೆಯ ಸಾಲಿನ ಒಬ್ಬಾತ ನಕ್ಕ. ಅವನ ಮುಖವೂ ನನಗೆ ನೆನಪಿದೆ. ಎರಡನೆಯ ವಾಕ್ಯ ನನ್ನ ಗಂಟಲಲ್ಲೇ ಉಳಿಯಿತು. ಅದಾಗಿ ವರ್ಷಗಳೇ ಉರುಳಿದರೂ ಈ ಅನ್ಯಾಯವನ್ನು ನಾನು ಒಂದು ದಿನವೂ ಮರೆತವನಲ್ಲ.

"ಉಮೇಶ, ಈ ಕಾರ್ಯಕ್ರಮ ಗೆದ್ದರೆ ಬರುವ ನವರಾತ್ರಿಗೆ ರಾಜನ ಪಾತ್ರ ನನಗೆ. ಅಧ್ಯಕ್ಷರಿಗೆ ಹೇಳಿಬಿಡು."

"ಕೇಳಿ ನೋಡ್ತೀನಿ," ಎಂದ ಉಮೇಶ. ಸಂಜೆಯೊಳಗೆ ಉತ್ತರ ಬಂತು: ಕಾರ್ಯಕ್ರಮದ ದಿನ ಅಧ್ಯಕ್ಷರು ಖುದ್ದು ಬಂದು ನೋಡಿ, ಅಲ್ಲೇ ತೀರ್ಮಾನ ತಿಳಿಸುತ್ತಾರಂತೆ. ನಾನು ಕನ್ನಡಿಯ ಮುಂದೆ ನಿಂತು ಗದ್ದವನ್ನು ಕೊಂಚ ಮೇಲಕ್ಕೆತ್ತಿ ನೋಡಿಕೊಂಡೆ. ರಾಜಕಳೆ ಇತ್ತು.

ಪೂರ್ವಸಿದ್ಧತೆ ಆರಂಭವಾಯಿತು. ಗ್ರಂಥಾಲಯದ ಇತಿಹಾಸ ಪುಸ್ತಕದಲ್ಲಿ ಆ ದೊರೆಗೆ ಮೀಸಲಿಟ್ಟದ್ದು ಎರಡು ಸಾಲು: ಜನ ಇವನನ್ನು ಭಯಂಕರನೆಂದು ಕರೆಯುತ್ತಿದ್ದರು, ಇವನು ಹಲವು ಬಾರಿ ಮದುವೆಯಾದನು. ಸಾಕು! ಉಳಿದದ್ದಕ್ಕೆ ಸಿ.ಡಿ. ಇದೆಯಲ್ಲ. ಆದರೆ ಎರಡು ಸಿ.ಡಿ.ಗಳ ಮೇಲೂ ಇದ್ದದ್ದು ರಷ್ಯನ್ ಲಿಪಿ. ಮೊದಲು ಯಾವುದು, ಆಮೇಲೆ ಯಾವುದು, ತಿಳಿಯುವಂತಿರಲಿಲ್ಲ.

ಕೈಗೆ ಸಿಕ್ಕಿದ್ದನ್ನು ಹಾಕಿದೆ. ತೆರೆಯ ಮೇಲೆ ದೊರೆ ಒಬ್ಬಂಟಿಯಾಗಿ, ಕೋಲೂರಿ, ಸತ್ತ ರಾಣಿಯನ್ನು ನೆನೆದು ಗೋಳಾಡುತ್ತಿದ್ದ. ಗೋಳಾಡುತ್ತಲೇ ಒಂದಾಳೆತ್ತರ ಹಾರುತ್ತಿದ್ದ. ನನ್ನ ಹೆಂಡತಿ ಲಲಿತ ಹೂವು ಕಟ್ಟುತ್ತ ಪಕ್ಕದಲ್ಲಿ ಕುಳಿತಿದ್ದಳು.

"ಇದೆಂತ, ಗಂಡಸರೆಲ್ಲ ಪಂಚೆ ಉಡೋದನ್ನ ಮರೆತು ಬಂದಿದಾರಾ?"

"ಅದು ಆ ನೃತ್ಯದ ಉಡುಪು. ನೀನು ಕಲೆಯನ್ನು ನೋಡು."

"ಕಲೆ ನೋಡೋಕೆ ಆ ಉಡುಪು ಬಿಡ್ತಿಲ್ವಲ್ಲ!"

ಇನ್ನೊಂದು ಸಿ.ಡಿ. ಹಾಕಿದೆ. ಗಂಟೆ, ಜನಜಂಗುಳಿ, ದೊರೆಗೆ ಮದುವೆಯ ಸಂಭ್ರಮ. ವಧು ಬಂದಳು. ಅಷ್ಟರಲ್ಲಿ ಲಲಿತ ಹೂವಿನ ಬುಟ್ಟಿಯನ್ನು ಕೆಳಗಿಟ್ಟು ರಿಮೋಟನ್ನು ಕೈಗೆ ತೆಗೆದುಕೊಂಡಳು. ಅವಳ ಧಾರಾವಾಹಿಯ ಹೊತ್ತಾಗಿತ್ತು. ಮುಂದಿನ ಅನಾಹುತಕ್ಕೆಲ್ಲ ಮೂಲ ಆ ಧಾರಾವಾಹಿ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸಬಯಸುತ್ತೇನೆ.

"ಯಾವ್ದು ಮೊದ್ಲು ಅಂತ ಯಾರನ್ನಾದ್ರೂ ಕೇಳಬಾರ್ದಾ?" ಎಂದಳು, ಟಿ.ವಿ.ಯಿಂದ ಕಣ್ಣು ಕೀಳದೆ.

ಕೇಳಬೇಕಾದ್ದೇನಿದೆ? ನಾನು ಹುಟ್ಟಿದಾಗಿನಿಂದ ಯಕ್ಷಗಾನ ನೋಡಿದವನು. ಭಯಂಕರ ವೇಷ ಮೊದಲು ಬಂದು ಅಬ್ಬರಿಸುತ್ತದೆ. ಕೊನೆಗೆ ಕಲ್ಯಾಣ, ಮಂಗಳ. ಮದುವೆಯಲ್ಲಿ ಮುಗಿಯಬೇಕಾದ ಪ್ರಸಂಗವನ್ನು ಮದುವೆಯಿಂದ ಶುರುಮಾಡಲು ರಷ್ಯಾದವರಿಗೇನು ತಲೆ ಕೆಟ್ಟಿದೆಯೇ? ಆದ್ದರಿಂದ ಗೋಳಿನ ಸಿ.ಡಿ.ಯ ಮೇಲೆ ಒಂದು ಎಂದೂ, ಮದುವೆಯ ಸಿ.ಡಿ.ಯ ಮೇಲೆ ಎರಡು ಎಂದೂ ದಪ್ಪ ಅಕ್ಷರದಲ್ಲಿ ಬರೆದೆ. ಗೋಳಿನಲ್ಲಿ ನೆನಪಾಗಿ ಬರುವ ರಾಣಿಯ ಮುಖ, ಮದುವೆಯ ಹೆಣ್ಣಿನ ಮುಖ, ಎರಡೂ ಒಂದೇ ಇದ್ದದ್ದನ್ನು ನಾನು ಗಮನಿಸದೆ ಇರಲಿಲ್ಲ. ಆದರೆ ನಮ್ಮ ಮೇಳಗಳಲ್ಲೂ ಒಬ್ಬನೇ ಕಲಾವಿದ ಎರಡು ವೇಷ ಕಟ್ಟುವುದಿಲ್ಲವೇ? ಇವಳು ದೊರೆಯ ಎರಡನೆಯ ಹೆಂಡತಿ. ಮೊದಲನೆಯವಳ ತಂಗಿ. ಇತ್ಯರ್ಥವಾಯಿತು!

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ. ಸಂಘದ ಸಭಾಭವನದ ಕಿಟಕಿಗಳನ್ನೆಲ್ಲ ಮುಚ್ಚಿ, ಬಿಳಿ ಪಂಚೆಗಳೆರಡನ್ನು ಹೊಲಿದು ಪರದೆ ಕಟ್ಟಿದ್ದರು. ಶೃಂಗೇರಿಯಿಂದ, ನರಸಿಂಹರಾಜಪುರದಿಂದ ಕೂಡ ಜನ ಬಂದಿದ್ದರು. ಬಸರೀಕಟ್ಟೆಯಿಂದ ಭಾಗವತರೂ ಮದ್ದಳೆಯವರೂ ಜೀಪಿನಲ್ಲಿ ಬಂದು ನನ್ನ ಪಕ್ಕ ಕುಳಿತರು. ಕಡೆಯಲ್ಲಿ ಮಂಗಳ ಹಾಡಲು ನಾನೇ ಕರೆಸಿದ್ದೆ. ನಾನು ರೇಷ್ಮೆ ಪಂಚೆ ಉಟ್ಟು, ಮೈಕಿನ ಮುಂದೆ ಆಸೀನನಾಗಿ ಸಭೆಯತ್ತ ದೃಷ್ಟಿ ಹಾಯಿಸಿದೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು. ಅವರ ಪಕ್ಕದಲ್ಲಿ ಸೀತಾರಾಮಯ್ಯ.

ಅದೇ ಹಸಿರು ಶಾಲು!

"ಏನು ಶಿರಸ್ತೇದಾರ್ರೆ, ಇವತ್ತು ನಿಮ್ಮದೇ ದರಬಾರಂತೆ?" ಎಂದರು, ಕವಳದ ಬಾಯನ್ನು ಕೊಂಚ ಮೇಲೆತ್ತಿ.

"ತಾವು ದಯಮಾಡಿ ಶಾಂತವಾಗಿ ಆಲಿಸಬೇಕು," ಎಂದೆ.

ದೀಪ ಆರಿತು. ದೊರೆ ಕೋಲೂರಿ ಬಂದ. ನಾನು ಗಂಟಲು ಸರಿಮಾಡಿಕೊಂಡೆ. "ಎಲೈ ಮಾಸ್ಕೋ ಪಟ್ಟಣದ ಪ್ರಜೆಗಳಿರಾ! ಈ ಹಿಮಾವೃತ ಸಾಮ್ರಾಜ್ಯದ ಅಧಿಪತಿಯಾದ ನಾನು, ಪ್ರಾಣಪ್ರಿಯೆಯನ್ನು ಕಳೆದುಕೊಂಡು..."

"ಭೇಷ್!" ಎಂದರು ಹಿಂದಿನ ಸಾಲಿನ ಯಾರೋ.

ಆದರೆ ನಾನು ಊಹಿಸದ ತೊಂದರೆಯೊಂದು ತಲೆದೋರಿತು. ನಮ್ಮಲ್ಲಿ ಕುಣಿಯುವವನು ಕುಣಿದು ನಿಲ್ಲುತ್ತಾನೆ, ಆಮೇಲೆ ಮಾತು. ಈ ದೊರೆ ನಿಲ್ಲುವವನೇ ಅಲ್ಲ! ನಾನು ಅವನ ಪತ್ನೀವಿಯೋಗದ ಮೊದಲ ಹಂತದಲ್ಲಿರುವಾಗಲೇ ಅವನು ಯಾರನ್ನೋ ಹಿಡಿದು ತರಿಸಿ ಶಿಕ್ಷಿಸುತ್ತಿದ್ದ.

"ಉಮೇಶ, ನಿಲ್ಲಿಸು!" ಎಂದೆ.

ಉಮೇಶ ನಿಲ್ಲಿಸಿದ. ದೊರೆ ಆ ಹೊತ್ತಿಗೆ ಹಾರಿದ್ದ. ಹಾರಿದವನು ಕಾಲುಗಳೆರಡನ್ನೂ ಅಗಲಿಸಿ ಗಾಳಿಯಲ್ಲೇ ಸ್ತಬ್ಧನಾದ. ನಾನು ಸಾವಧಾನವಾಗಿ ರಾಜಧರ್ಮ, ದಾಂಪತ್ಯಧರ್ಮ, ಶೀತಪ್ರದೇಶದಲ್ಲಿ ವಿರಹದ ತೀವ್ರತೆ, ಇಷ್ಟನ್ನೂ ವಿಸ್ತರಿಸತೊಡಗಿದೆ. ದಾಂಪತ್ಯಧರ್ಮದ ಮಧ್ಯದಲ್ಲಿ ಹೆಂಗಸರ ಕಡೆಯಿಂದ ಒಂದು ದನಿ ಬಂತು.

"ಪಾಪ, ಅವನನ್ನ ಕೆಳಗಿಳಿಸಿ ಮಾರಾಯ್ರೆ! ಎಷ್ಟೊತ್ತು ಹಂಗೇ ಇರ್ತಾನೆ!"

ಸಭೆ ನಕ್ಕಿತು. ಆ ದನಿ ಯಾರದ್ದೆಂದು ನನಗೆ ಗೊತ್ತಿದೆ. ಅವರ ಮನೆಯ ಮುಂದಿನ ಸಮಾರಂಭಕ್ಕೆ ನಾನು ಹೋಗುವುದಿಲ್ಲ.

ಹೀಗೆ ದೊರೆಯನ್ನು ಹಾರಿಸುತ್ತ, ನಿಲ್ಲಿಸುತ್ತ, ಇಳಿಸುತ್ತ ಮೊದಲನೆಯ ಸಿ.ಡಿ.ಯನ್ನು ದಡ ಸೇರಿಸಿದೆ. ಅಧ್ಯಕ್ಷರು ತಲೆದೂಗುತ್ತಿದ್ದರು. ನನ್ನ ಹೃದಯದಲ್ಲಿ ಸಿಂಹಾಸನವೊಂದು ಎದ್ದು ನಿಲ್ಲುತ್ತಿತ್ತು. ಎರಡನೆಯ ಸಿ.ಡಿ. ಆರಂಭವಾಯಿತು. ಗಂಟೆಗಳು ಮೊಳಗಿದವು. ವಧು ಬಂದಳು.

"ಶೋಕವನ್ನು ತೊರೆದ ಆ ಮಹಾರಾಜನು, ಮಂತ್ರಿಗಳ ಒತ್ತಾಯಕ್ಕೆ ಮಣಿದು, ಮೃತಳಾದ ರಾಣಿಯ ತಂಗಿಯನ್ನು ವರಿಸುತ್ತಿದ್ದಾನೆ! ಭಾಗವತರೇ, ಮಂಗಳ!"

ಭಾಗವತರು ಮಂಗಳ ಹಾಡಿದರು. ಮದ್ದಳೆ ಗುಡುಗಿತು. ನಾನು ಸಿದ್ಧಪಡಿಸಿಟ್ಟುಕೊಂಡಿದ್ದ ತೆಂಗಿನಕಾಯಿಯನ್ನು ಒಡೆದೆ. ಹೆಂಗಸರು ಸೆರಗು ಸರಿಮಾಡಿಕೊಂಡು ಕಾಫಿಗೆ ಎದ್ದರು. ಆದರೆ ಪರದೆಯ ಮೇಲೆ ಯಾರೂ ಏಳಲಿಲ್ಲ! ದೊರೆ ಕಾಯಿಲೆ ಬಿದ್ದ. ಸರದಾರರು ಸಿಂಹಾಸನದ ಸುತ್ತ ಸುಳಿದಾಡಿದರು. ಎದ್ದ ಹೆಂಗಸರು ಮತ್ತೆ ಕುಳಿತರು. ಯಾರೋ ರಾಣಿಗೆ ಒಂದು ಬಟ್ಟಲು ಕೊಟ್ಟರು. ಅವಳು ಕುಡಿದಳು. ಕುಣಿದಳು. ಬಿದ್ದಳು.

ಒಡೆದ ಕಾಯಿಯ ಹೋಳುಗಳು ನನ್ನ ಎರಡೂ ಕೈಯಲ್ಲಿದ್ದವು.

"ಸಂತೋಷಾತಿಶಯದಿಂದ ನವವಧುವಿಗೆ ತಲೆ ಸುತ್ತಿದೆ," ಎಂದೆ.

ಪರದೆಯ ಮೇಲೆ ಅವಳನ್ನು ಎತ್ತಿ ಮಲಗಿಸಿದರು. ಮೇಣದ ಬತ್ತಿ ಹಚ್ಚಿದರು. ದೊರೆ ಎದೆ ಬಡಿದುಕೊಂಡ.

"ತಲೆ ಸುತ್ತಿದ್ದಕ್ಕೆ ದೀಪ ಹಚ್ತಾರೇನ್ರೀ?" ಇದು ಲಲಿತ. ನನ್ನ ಸ್ವಂತ ಹೆಂಡತಿ!

ಆಗ ಸೀತಾರಾಮಯ್ಯ ಎದ್ದು ನಿಂತರು. ಕವಳವನ್ನು ಆಚೆ ಹೋಗಿ ಉಗಿದು ಬಂದರು; ಅಂದರೆ ವಾದಕ್ಕೆ ಸಿದ್ಧರಾದರು ಎಂದು ಲೆಕ್ಕ. ಶಾಲನ್ನು ಹೆಗಲಿಗೇರಿಸಿ, ಕೈ ಮುಗಿದು, ಮಂತ್ರಿಯ ದನಿಯಲ್ಲಿ ಕೇಳಿದರು.

"ಮಹಾಪ್ರಭುಗಳು ಈ ಮಂತ್ರಿಯ ಸಂದೇಹವೊಂದನ್ನು ಪರಿಹರಿಸಬೇಕು. ತಾವು ಮೊದಲು ಅತ್ತಿರಿ. ಆಮೇಲೆ ಮದುವೆಯಾದಿರಿ. ಆಮೇಲೆ ರಾಣಿ ಸತ್ತಳು. ಅಳುವ ಕಾರ್ಯವನ್ನು ಮುಂಗಡವಾಗಿ ಮುಗಿಸಿಡುವುದು ರಷ್ಯಾ ದೇಶದ ಪದ್ಧತಿಯೋ?"

ಸಭೆ ಬಿದ್ದು ಬಿದ್ದು ನಕ್ಕಿತು. ಮದ್ದಳೆಯವರು ಕೂಡ 'ಧೀಂ' ಎಂದು ಒಂದು ಪೆಟ್ಟು ಕೊಟ್ಟರು. ನಾನೇ ಜೀಪು ಕಳಿಸಿ ಕರೆಸಿದ ಮದ್ದಳೆಯವರು!

"ಮಂತ್ರಿಯೇ! ಅತ್ತದ್ದು ಅಕ್ಕನಿಗಾಗಿ. ಸತ್ತದ್ದು ತಂಗಿ!"

"ಅಕ್ಕತಂಗಿಯರಿಬ್ಬರಿಗೂ ಒಂದೇ ಮುಖ, ಒಂದೇ ಸರ?"

"ಅವಳಿಜವಳಿ!" ಎಂದೆ. ಆ ಉತ್ತರ ಎಲ್ಲಿಂದ ಬಂತೋ ನನಗೇ ತಿಳಿಯದು.

"ಹಾಗಾದರೆ ತಂಗಿಗಾಗಿ ಪ್ರಭುಗಳು ಈಗ ಮತ್ತೊಮ್ಮೆ ಮೊದಲಿನಿಂದ ಅಳಬೇಕಲ್ಲವೇ? ಉಮೇಶ, ಆ ಒಂದನೇ ಸಿ.ಡಿ. ಇನ್ನೊಂದ್ಸಲ ಹಾಕೋ ಮಾರಾಯ. ಆಗ ಕಥೆ ಸರಿಯಾಗ್ತದೆ!"

ನನಗೆ ಆ ಕ್ಷಣ ಸತ್ಯದರ್ಶನವಾಯಿತು. ಸಿ.ಡಿ.ಗಳು ಅದಲುಬದಲಾಗಿದ್ದವು! ಸಭೆಗೂ ದರ್ಶನವಾಯಿತು. ಭೂಮಿ ಬಾಯಿ ತೆರೆದಿದ್ದರೆ ನಾನು ತೆಂಗಿನಹೋಳುಗಳ ಸಮೇತ ಒಳಗೆ ಹೋಗುತ್ತಿದ್ದೆ. ಭೂಮಿ ಬಾಯಿ ತೆರೆಯಲಿಲ್ಲ. ಕರೆಂಟು ಹೋಯಿತು.

ಪ್ರೊಜೆಕ್ಟರ್ ಕಣ್ಣು ಮುಚ್ಚಿತು, ಮೈಕು ಸತ್ತಿತು. ಯಾರೋ ಕಿಟಕಿಗಳನ್ನು ತೆರೆದರು. ಬೆಳಕು ನುಗ್ಗಿ ಬಂತು. ಎದ್ದು ಹೋಗುತ್ತಾರೆಂದುಕೊಂಡರೆ ಒಬ್ಬನೂ ಕದಲಲಿಲ್ಲ. ಅವರಿಗೆ ಬೇಕಾದದ್ದು ಪರದೆಯ ಮೇಲಿನ ದೊರೆಯಲ್ಲ, ಪರದೆಯ ಕೆಳಗಿನ ದೊರೆ!

"ಬಿಡಬೇಡಿ ಶಿರಸ್ತೇದಾರ್ರೆ, ಉತ್ತರ ಕೊಡಿ!" ಎಂದು ಕೂಗಿದರು.

ಭಾಗವತರು ತಾಳ ತಟ್ಟಿ ಒಂದು ಆಲಾಪ ಎತ್ತಿದರು. ನನಗೇನಾಯಿತೆಂದು ಈಗಲೂ ಹೇಳಲಾರೆ. ಗಂಟಲಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಒಡ್ಡೊಂದು ಒಡೆಯಿತು. ಕಾಲ ಎಂಬುದು ಚಕ್ರ, ಅದಕ್ಕೆ ಮೊದಲೂ ಇಲ್ಲ ಕೊನೆಯೂ ಇಲ್ಲ, ಸಾವು ಮೊದಲೋ ಮದುವೆ ಮೊದಲೋ ಎಂದು ಕೇಳುವವನು ಅಜ್ಞಾನಿ ಎಂದೆ. ಚಪ್ಪಾಳೆ! ರಾಣಿಗೆ ವಿಷದ ಬಟ್ಟಲು ಹೋದದ್ದು ಮಂತ್ರಿಯ ಅಡುಗೆಮನೆಯಿಂದ ಎಂದೆ. ಚಪ್ಪಾಳೆಯ ಮೇಲೆ ಚಪ್ಪಾಳೆ! "ಹಸಿರು ಶಾಲಿನ ಅಡಿಯಲ್ಲಿ ಬಟ್ಟಲು ಬಚ್ಚಿಟ್ಟವನು ಯಾರು?" ಎಂದು ಗುಡುಗಿದೆ. ಸೀತಾರಾಮಯ್ಯ ನಿಜವಾಗಿಯೂ ಶಾಲನ್ನು ಎತ್ತಿ ನೋಡಿಕೊಂಡರು! ನಾನು ಎದ್ದು ನಿಂತಿದ್ದೆ, ತೆಂಗಿನಹೋಳನ್ನು ರಾಜದಂಡದಂತೆ ಬೀಸುತ್ತಿದ್ದೆ. ಒಂದು ಸಲ ಹಾರಿದೆನಂತೆ ಕೂಡ. ನನಗೆ ನೆನಪಿಲ್ಲ, ಸೊಂಟಕ್ಕೆ ನೆನಪಿದೆ.

"ಪ್ರಭುಗಳು ಇದೊಂದು ಮಾತನ್ನು ಕೇಳಬೇಕು..." ಎಂದು ಸೀತಾರಾಮಯ್ಯ ಆರಂಭಿಸಿದರು.

ನಾನು ಎರಡು ಬೆರಳನ್ನು ಗಾಳಿಯಲ್ಲಿ ಚಿಮ್ಮಿದೆ. "ಸರಿ, ಹೋಗು!"

ಆಹಾ! ಆ ಸುಖವನ್ನು ಮಾತಿನಲ್ಲಿ ವರ್ಣಿಸಲಾರೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನಿಂದು ರಾಜನಾಗಿರುತ್ತಿದ್ದೆ. ನಿಲ್ಲಿಸಲಿಲ್ಲ!

"ಹೇಗನ್ನಿಸಿತು ಮಂತ್ರಿಯೇ? ಹರಿಹರಪುರದಲ್ಲಿ, ಇದೇ ಶಾಲು ಹೊದ್ದು, ಎಡಗೆನ್ನೆಯಲ್ಲಿ ಕವಳವಿಟ್ಟುಕೊಂಡು, ಒಬ್ಬ ಬಡ ದೂತನ ಎರಡನೆಯ ವಾಕ್ಯವನ್ನು ಗಂಟಲಲ್ಲೇ ಹಿಸುಕಿ ಕೊಂದವರು ಯಾರು?"

ಮಾಸ್ಕೋದಲ್ಲಿದ್ದ ಸಭೆ ಥಟ್ಟನೆ ಹರಿಹರಪುರಕ್ಕೆ ಬಂದಿಳಿದು ಕಕ್ಕಾಬಿಕ್ಕಿಯಾಯಿತು. ಭಾಗವತರ ತಾಳ ನಿಂತಿತು. ಸೀತಾರಾಮಯ್ಯನವರ ಮುಖದಿಂದ ಮಂತ್ರಿ ಇಳಿದುಹೋದ. ಅವರು ನನ್ನನ್ನು ನಿಜವಾದ ಆಶ್ಚರ್ಯದಿಂದ ನೋಡಿದರು.

"ಅಯ್ಯೋ, ಹೌದಾ ಮಾರಾಯ್ರೆ? ನಂಗೆ ನೆನಪೇ ಇಲ್ಲ. ಹಂಗೆ ಮಾಡಿದ್ರೆ ದೊಡ್ಡ ತಪ್ಪೇ. ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ರಾ?" ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. "ಈಗ ಹೇಳಿ. ಆ ಎರಡನೇ ಮಾತು ಎಂತದು? ನಾನೂ ಕೇಳ್ತೇನೆ, ಸಭೆಯೂ ಕೇಳ್ಲಿ."

ಅಧ್ಯಕ್ಷರು ಕುರ್ಚಿಯ ತುದಿಗೆ ಸರಿದರು. ಲಲಿತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಎದೆ ಸೆಟೆಸಿ, ಬಾಯಿ ತೆರೆದೆ.

ಏನೂ ಬರಲಿಲ್ಲ.

ಶಾಲಿನ ಬಣ್ಣ ನೆನಪಿತ್ತು. ಬೆರಳಿನ ಉಂಗುರ ನೆನಪಿತ್ತು. ಮೂರನೆಯ ಸಾಲಿನಲ್ಲಿ ನಕ್ಕವನ ಮೀಸೆ ನೆನಪಿತ್ತು. ವಾಕ್ಯ ಮಾತ್ರ ಮರೆತುಹೋಗಿತ್ತು! ಎಷ್ಟೋ ವರ್ಷ ಆ ಅವಮಾನವನ್ನು ಒರೆಸಿ, ತಿಕ್ಕಿ, ಹೊಳಪು ಕೊಟ್ಟು ಕಾಪಾಡಿದ್ದೆ. ಅದರೊಳಗಿದ್ದ ವಾಕ್ಯ ಯಾವಾಗ ಸೋರಿಹೋಯಿತೋ ದೇವರೇ ಬಲ್ಲ.

"ಅದು... ಅಂದರೆ... ಪ್ರಭುಗಳೇ..." ಎಂದೆ.

ಕರೆಂಟು ಬಂತು. ಸಿ.ಡಿ. ತಾನಾಗಿಯೇ ಮೊದಲಿನಿಂದ ಶುರುವಾಯಿತು. ಗಂಟೆಗಳು ಮೊಳಗಿದವು. ಕಿಟಕಿಯ ಬೆಳಕಿನಲ್ಲಿ ಮಸುಕು ಮಸುಕಾಗಿ, ಸತ್ತ ರಾಣಿ ಮದುವಣಗಿತ್ತಿಯಾಗಿ ನಗುತ್ತ ಬಂದಳು.

"ಮತ್ತೆ ಎದ್ಲಲ್ರೀ!" ಎಂದಳು ಲಲಿತ.

ಆಮೇಲೆ ಆ ಭವನದಲ್ಲಿ ನಡೆದದ್ದನ್ನು ನಗು ಎಂದು ಕರೆದರೆ ಕಡಿಮೆಯಾಗುತ್ತದೆ. ಭಾಗವತರು ಮದ್ದಳೆಯ ಮೇಲೆ ಒರಗಿಕೊಂಡರು. ಉಮೇಶ ಪ್ರೊಜೆಕ್ಟರ್ ಹಿಡಿದುಕೊಂಡೇ ಕೂತುಬಿಟ್ಟ. ಸೀತಾರಾಮಯ್ಯ ಕಣ್ಣೊರೆಸಿಕೊಂಡದ್ದು ಆ ಹಸಿರು ಶಾಲಿನಿಂದಲೇ. ನಾಚಿಕೆಗೇಡು, ನಾನೂ ನಕ್ಕೆ. ನನ್ನ ಅಪ್ಪಣೆಯಿಲ್ಲದೆ ನಗು ಬಂದುಬಿಟ್ಟಿತು.

ಅಧ್ಯಕ್ಷರು ಉಪ್ಪಿಟ್ಟಿನ ತಟ್ಟೆ ಹಿಡಿದು ತೀರ್ಮಾನ ತಿಳಿಸಿದರು. "ಶಿರಸ್ತೇದಾರ್ರೆ, ಇಷ್ಟು ನಕ್ಕಿದ್ದು ಈ ಸಂಘದಲ್ಲೇ ಇಲ್ಲ. ನಿಮ್ಮ ಮಾತಿಗೆ ಎದುರಿಲ್ಲ. ಆದ್ರೆ ನೋಡಿ, ರಾಜನ ಪಾತ್ರ ಅಂದ್ರೆ ಸ್ವಲ್ಪ ಜ್ಞಾಪಕಶಕ್ತಿ ಬೇಕಾಗ್ತದೆ."

ನನಗೆ! ಜ್ಞಾಪಕಶಕ್ತಿ!

ನರಸಿಂಹರಾಜಪುರದವರು ಅಲ್ಲೇ ಬಂದು, ನಮ್ಮೂರಲ್ಲೂ ಇದನ್ನು ಮಾಡಬೇಕು ಎಂದು ಕೈ ಮುಗಿದರು. ಸಿ.ಡಿ.ಗಳನ್ನು ನಾನು ಬರೆದ ಕ್ರಮದಲ್ಲೇ ಹಾಕಬೇಕೆಂಬುದು ಅವರ ವಿಶೇಷ ಕೋರಿಕೆ. ವಿಚಾರಿಸುತ್ತೇನೆ ಎಂದು ಗಂಭೀರವಾಗಿ ಹೇಳಿದೆ.

ನವರಾತ್ರಿ ಬಂತು. ಸೀತಾರಾಮಯ್ಯ ರಾಜ, ನಾನು ದೂತ. ಕೈ ಮುಗಿದು, ಶತ್ರುಸೈನ್ಯ ಗಡಿಗೆ ಬಂದಿರುವ ಸಂಗತಿಯನ್ನು ಮೊದಲನೆಯ ವಾಕ್ಯದಲ್ಲಿ ಅರುಹಿದೆ. ರಾಜರು ಬೆರಳು ಚಿಮ್ಮಲಿಲ್ಲ. ಶಾಲನ್ನು ಸರಿಪಡಿಸಿಕೊಂಡು, ಅಪಾರ ವಾತ್ಸಲ್ಯದಿಂದ ನನ್ನತ್ತ ಬಾಗಿದರು.

"ದೂತನೇ, ಇನ್ನೇನಾದರೂ ನಿವೇದಿಸುವುದುಂಟೋ? ನಿಧಾನವಾಗಿ ಹೇಳು. ನಮಗೆ ಯಾವ ಅವಸರವೂ ಇಲ್ಲ."

ಭಾಗವತರು ತಾಳ ನಿಲ್ಲಿಸಿದರು. ಇಡೀ ಸಭೆ ಮುಂದಕ್ಕೆ ಬಾಗಿತು. ಗಡಿಯಲ್ಲಿ ಶತ್ರುಸೈನ್ಯ ಕೂಡ ಕಾದು ನಿಂತಿರಬೇಕು.

"ಏನೂ ಇಲ್ಲ, ಪ್ರಭು," ಎಂದೆ.

ಆ ಕೂಟದ ಅತ್ಯಂತ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಮನೆಗೆ ನಡೆದು ಬರುವಾಗ ಲಲಿತ ಸಮಾಧಾನದ ದನಿಯಲ್ಲಿ ಹೇಳಿದಳು:

"ಹರಿಹರಪುರದಲ್ಲೂ ನೀವು ಹೇಳ್ಬೇಕಂತಿದ್ದಿದ್ದು ಇದೇ ಇರ್ಬೇಕು ಬಿಡಿ."

ಈ ಮಾತನ್ನು ನಾನು ಮರೆಯತಕ್ಕವನಲ್ಲ!